ಎಣ್ಣೆ ನೀರು ಸೋಸುವ ಮೆಂಬ್ರೇನ್ ಯಂತ್ರ: ಕೊಳ್ಳುವ ಮುಂಚೆ ತಿಳಿದಿರಲಿ



ಪಾತ್ರೆ ತೊಳೆದ ಎಣ್ಣೆ ನೀರನ್ನು ಶುದ್ಧ ಮಾಡುವ ಮೆಂಬ್ರೇನ್ ಯಂತ್ರ ಕೊಳ್ಳಬಹುದೇ ಎಂದು ಕೇಳಿ ಕೆಲವು ಸದಸ್ಯರು ನನಗೆ ಫೋನ್ ಮಾಡುತ್ತಿದ್ದಾರೆ. ನಾನು ಹತ್ತನೇ ತರಗತಿಯವರೆಗೆ ಓದಿದವನು, ಇಂಜಿನಿಯರ್ ಅಲ್ಲ. ಆದರೆ ಇದೇ ಯಂತ್ರ ಕೊಂಡು ಕೈ ಸುಟ್ಟುಕೊಂಡವನು. ಆಮೇಲೆ ತಿಳಿದವರ ಹತ್ತಿರ ಕೇಳಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೋಟೆಲಿನಲ್ಲಿ ಆದದ್ದು

ಸಚಿನ್‌ನಲ್ಲಿ ನನ್ನ ಹೋಟೆಲು. ಜೊತೆಗೆ ಮದುವೆ, ಮುಂಜಿಗಳ ಆರ್ಡರ್. ಒಮ್ಮೆ 500 ಜನರ ಮದುವೆ ಊಟದ ದಿನ ಬೆಳಿಗ್ಗೆಯೇ ಚರಂಡಿ ಕಟ್ಟಿ, ಪಾತ್ರೆ ತೊಳೆಯುವ ಜಾಗದಲ್ಲಿ ಕೊಳಕು ನೀರು ಮೇಲಕ್ಕೆ ಬಂತು. ಪೈಪು ಒಡೆದು ನೋಡಿದರೆ ಒಳಗೆ ಬಿಳಿ ಜಿಡ್ಡು ಮೇಣದ ಹಾಗೆ ಗಟ್ಟಿಯಾಗಿತ್ತು. ಆ ಬೇಸರದಲ್ಲಿದ್ದಾಗ ಒಬ್ಬ ಮಾರಾಟಗಾರ ಬಂದ. ಯಂತ್ರ ಕೂರಿಸಿದರೆ ಸಾಕು, ಬೇರೇನೂ ಬೇಡ ಎಂದ. ನಂಬಿದೆ. ಎರಡೇ ತಿಂಗಳಲ್ಲಿ ನೀರು ಹನಿ ಹನಿಯಾಗಿ ಬರತೊಡಗಿತು. ಬಿಚ್ಚಿ ನೋಡಿದರೆ ಪೊರೆಯ ಮೇಲೆಲ್ಲ ಅದೇ ಜಿಡ್ಡು. ಹೊಸ ಪೊರೆ ಹಾಕಿಸಿದೆ, ಅದೂ ಹಾಗೆಯೇ ಆಯಿತು. ಯಂತ್ರದ ತಪ್ಪು ಅರ್ಧ, ತಿಳಿಯದೆ ಕೊಂಡ ನನ್ನ ತಪ್ಪು ಅರ್ಧ.

ಮೆಂಬ್ರೇನ್ ಎಂದರೇನು?

ಮೆಂಬ್ರೇನ್ ಎಂದರೆ ಅತಿ ಸಣ್ಣ ರಂಧ್ರಗಳಿರುವ ಪೊರೆ. ಹಿಟ್ಟಿನ ಜರಡಿ ಹೊಟ್ಟನ್ನು ತಡೆಯುತ್ತದೆ, ಪಂಚೆ ಬಟ್ಟೆ ಮೊಸರಿನ ಗಟ್ಟಿಯನ್ನು ತಡೆಯುತ್ತದೆ. ಇದು ಕಣ್ಣಿಗೆ ಕಾಣದ್ದನ್ನೂ ತಡೆಯುತ್ತದೆ. ಅಲ್ಟ್ರಾಫಿಲ್ಟ್ರೇಶನ್ ಪೊರೆಯ ರಂಧ್ರ 0.01ರಿಂದ 0.1 ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅದಕ್ಕಿಂತ ಸೂಕ್ಷ್ಮವಾದದ್ದು ನ್ಯಾನೋಫಿಲ್ಟ್ರೇಶನ್. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ನಾವು ಕುಡಿಯುವ ನೀರಿಗೆ ಹಾಕಿಸುವ ಆರ್.ಓ.

ನೆನಪಿಡಬೇಕಾದ ಮಾತೊಂದಿದೆ. ಪೊರೆ ಕೊಳೆಯನ್ನು ನಾಶ ಮಾಡುವುದಿಲ್ಲ, ಬೇರ್ಪಡಿಸುತ್ತದೆ ಅಷ್ಟೆ. ಒಂದು ಕಡೆ ತಿಳಿನೀರು ಬಂದರೆ ಇನ್ನೊಂದು ಕಡೆ ಮೊದಲಿಗಿಂತ ಗಟ್ಟಿಯಾದ ಕೊಳೆನೀರು ಉಳಿಯುತ್ತದೆ. ಅದಕ್ಕೆ ಜಾಗ ನೀವೇ ತೋರಿಸಬೇಕು.

ಆಲಿವ್ ಎಣ್ಣೆಯವರಿಂದ ಕಲಿಯುವುದು

ಎಣ್ಣೆ ನೀರಿನ ಕಷ್ಟವನ್ನು ನಮಗಿಂತ ಹೆಚ್ಚು ಉಂಡವರು ಸ್ಪೇನ್, ಇಟಲಿ, ಗ್ರೀಸ್, ಟುನೀಸಿಯಾ ದೇಶಗಳ ಆಲಿವ್ ಗಾಣದವರು. ಒಂದು ಟನ್ ಕಾಯಿಗೆ ಸುಮಾರು 200 ಕಿಲೋ ಎಣ್ಣೆ ಬಂದರೆ, ನೀರು ಸೇರಿಸಿ ಅರೆಯುವ ಹಳೆಯ ವಿಧಾನದಲ್ಲಿ ಸುಮಾರು 1,000 ಲೀಟರ್ ಕಪ್ಪು ನೀರು ಬರುತ್ತದೆ. ಅದರ ಕೊಳೆಯ ಸಾಂದ್ರತೆ ಮನೆಗಳ ಚರಂಡಿ ನೀರಿಗಿಂತ ನೂರು ಪಟ್ಟಿಗೂ ಹೆಚ್ಚು. ಅದರಲ್ಲಿರುವ ಪಾಲಿಫಿನಾಲ್ ಎಂಬ ಒಗರು ಪದಾರ್ಥ, ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳನ್ನೇ ಕುಗ್ಗಿಸುತ್ತದೆ. ಆದ್ದರಿಂದ ಮಾಮೂಲಿ ಶುದ್ಧೀಕರಣ ಅಲ್ಲಿ ಸರಿಯಾಗಿ ನಡೆಯುವುದಿಲ್ಲ.

ಅವರು ಪೊರೆ ಬಳಸುವಾಗ ಹಂತ ಹಂತವಾಗಿ ಹೋಗುತ್ತಾರೆ. ಮೊದಲು ಜರಡಿ. ಆಮೇಲೆ ತೊಟ್ಟಿಯಲ್ಲಿ ನಿಲ್ಲಿಸಿಯೋ, ಯಂತ್ರದಲ್ಲಿ ಗಿರಗಿರನೆ ತಿರುಗಿಸಿಯೋ ಎಣ್ಣೆ ಮತ್ತು ಗಸಿ ತೆಗೆಯುತ್ತಾರೆ. ನಂತರ ಅಲ್ಟ್ರಾಫಿಲ್ಟ್ರೇಶನ್, ನ್ಯಾನೋ, ಕೊನೆಗೆ ಆರ್.ಓ. ನಡುವೆ ಹಿಡಿದಿಟ್ಟ ಪಾಲಿಫಿನಾಲನ್ನು ಔಷಧಿ, ಸೌಂದರ್ಯ ಸಾಮಗ್ರಿ ಮಾಡುವವರಿಗೆ ಮಾರಲೂ ಆಗುತ್ತದೆ. ಇಷ್ಟು ಮಾಡಿದರೂ ಪೊರೆಗೆ ಜಿಡ್ಡು ಹಿಡಿಯುವುದೇ ಅವರ ದೊಡ್ಡ ತಲೆನೋವು. ನೀರನ್ನು ಪೊರೆಯ ಮೇಲೆ ಅಡ್ಡಕ್ಕೆ ಜೋರಾಗಿ ಹರಿಸಿ, ಆಗಾಗ ಕ್ಷಾರದ ನೀರಿನಿಂದ ತೊಳೆದು ಅದನ್ನು ಕಾಪಾಡುತ್ತಾರೆ. ಮೊದಲ ಎರಡು ಹಂತ ಬಿಟ್ಟು ನಾನು ನೇರವಾಗಿ ಮೂರನೆಯದಕ್ಕೆ ಹಾರಿದ್ದೆ!

ನಮ್ಮ ಸೂರತ್ತಿನಲ್ಲಿ

ದೂರ ಹೋಗಬೇಕಿಲ್ಲ. ಸೂರತ್ ಮಹಾನಗರ ಪಾಲಿಕೆ 2014ರಲ್ಲಿ ಬಮ್ರೋಲಿಯಲ್ಲಿ ದಿನಕ್ಕೆ 4 ಕೋಟಿ ಲೀಟರಿನ ಘಟಕ ತೆರೆಯಿತು. ಊರಿನ ಒಳಚರಂಡಿ ನೀರು ಮೊದಲು ಮಾಮೂಲಿ ರೀತಿಯಲ್ಲಿ ಶುದ್ಧವಾಗಿ, ಆಮೇಲೆ ಅಲ್ಟ್ರಾಫಿಲ್ಟ್ರೇಶನ್, ಆರ್.ಓ. ದಾಟಿ ಪಾಂಡೇಸರದ ಡೈಯಿಂಗ್ ಮಿಲ್ಲುಗಳಿಗೆ ಹೋಗುತ್ತದೆ. ಮುಂದೆ ದಿಂಡೋಲಿಯಲ್ಲೂ ಘಟಕ ಬಂದು ನಮ್ಮ ಸಚಿನ್ ಕೈಗಾರಿಕಾ ವಸಾಹತಿಗೂ ಇಂಥ ನೀರು ಸಿಗುವಂತಾಯಿತು. ಇಲ್ಲಿಯೂ ಪೊರೆ ಬರುವುದು ಕೊನೆಗೇ.

ಚರಂಡಿಗೆ ಬಿಟ್ಟರೆ ಮುಗಿಯಿತು ಎನ್ನುವ ಮಾತು ಸುಳ್ಳೆಂದು ಸಚಿನ್‌ನವರಿಗೆ ಬೇರೆ ರೀತಿಯಲ್ಲೂ ಗೊತ್ತು. 2022ರ ಜನವರಿ 6ರಂದು ಇಲ್ಲಿನ ವಸಾಹತಿನಲ್ಲಿ ಟ್ಯಾಂಕರಿನಿಂದ ಚರಂಡಿಗೆ ರಾಸಾಯನಿಕ ಬಿಟ್ಟಾಗ ವಿಷಾನಿಲ ಎದ್ದು ಆರು ಮಂದಿ ಕಾರ್ಮಿಕರು ಜೀವ ಕಳೆದುಕೊಂಡರು. ನಮ್ಮ ಎಣ್ಣೆ ಅಂಥ ವಿಷವಲ್ಲ, ನಿಜ. ಆದರೆ ಕಟ್ಟಿದ ಗಟಾರಕ್ಕೆ ಇಳಿದು ತೆಗೆಯುವವನೂ ಒಬ್ಬ ಮನುಷ್ಯನೇ.

ಮೊದಲು ಮಾಡಬೇಕಾದ ಕೆಲಸ

ಸಾರ್ವಜನಿಕ ಒಳಚರಂಡಿಗೆ ಬಿಡುವ ನೀರಿನಲ್ಲಿ ಎಣ್ಣೆ–ಜಿಡ್ಡು ಲೀಟರಿಗೆ 20 ಮಿಲಿಗ್ರಾಂ ಮೀರಬಾರದೆಂದು ಪರಿಸರ ನಿಯಮ ಹೇಳುತ್ತದೆ. ಒಂದು ಲೀಟರ್ ಕರಿದ ಎಣ್ಣೆ ಸಿಂಕಿಗೆ ಸುರಿದರೆ ಅದನ್ನು ಈ ಮಿತಿಗೆ ತರಲು ಸುಮಾರು 45,000 ಲೀಟರ್ ನೀರು ಬೇಕು. ಲೆಕ್ಕ ನೀವೇ ಹಾಕಿ ನೋಡಿ.

1. ಕರಿದ ಎಣ್ಣೆ ಬೇರೆ ಡಬ್ಬದಲ್ಲಿ ಶೇಖರಿಸಿ, ಪರವಾನಗಿ ಇರುವ ಬಯೋಡೀಸೆಲ್ ಸಂಗ್ರಹಕಾರರಿಗೆ ಕೊಡಿ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಇದರ ಲೆಕ್ಕ ಇಡಬೇಕೆಂಬ ಆಹಾರ ಸುರಕ್ಷತಾ ಪ್ರಾಧಿಕಾರದ ಆದೇಶ 2019ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ.

2. ಬಾಣಲೆ, ತಟ್ಟೆಗಳ ಜಿಡ್ಡನ್ನು ತೊಳೆಯುವ ಮುಂಚೆ ಒರೆಸಿ ತೆಗೆಯಿರಿ.

3. ಗ್ರೀಸ್ ಟ್ರ್ಯಾಪ್ ಅಂದರೆ ಜಿಡ್ಡಿನ ತೊಟ್ಟಿ ಕಟ್ಟಿಸಿ. ನೀರು ಅದರಲ್ಲಿ ಅರ್ಧ ಗಂಟೆ ನಿಲ್ಲಬೇಕು. ಗಂಟೆಗೆ 600 ಲೀಟರ್ ಬರುವುದಾದರೆ 300 ಲೀಟರಿನ ತೊಟ್ಟಿ ಬೇಕು. ಎಣ್ಣೆ ಮೇಲೆ ತೇಲುತ್ತದೆ, ಗಸಿ ತಳಕ್ಕೆ ಕೂರುತ್ತದೆ, ಹೊರಹೋಗುವ ಪೈಪು ನಡುವಿನ ನೀರನ್ನು ಎಳೆಯುವಂತಿರಬೇಕು. ಕುದಿನೀರು ನೇರ ಬಿಡಬೇಡಿ, ಕರಗಿದ ಜಿಡ್ಡು ತಪ್ಪಿಸಿಕೊಂಡು ಮುಂದೆ ಹೋಗಿ ಪೈಪಿನಲ್ಲಿ ಗಟ್ಟಿಯಾಗುತ್ತದೆ. ಜಿಡ್ಡು, ಗಸಿ ಸೇರಿ ತೊಟ್ಟಿಯ ಕಾಲು ಭಾಗ ತುಂಬುವುದರೊಳಗೆ ತೆಗೆಸಿ.

ಯಂತ್ರ ಯಾರಿಗೆ?

ಸೋಪಿನೊಂದಿಗೆ ಬೆರೆತು ಹಾಲಿನಂತಾದ ಎಣ್ಣೆ ತೊಟ್ಟಿಯಲ್ಲಿ ತೇಲುವುದಿಲ್ಲ. ಅದನ್ನು ತಡೆಯುವುದರಲ್ಲಿ ಪೊರೆ ನಿಜಕ್ಕೂ ಗಟ್ಟಿಗ. ದಿನಕ್ಕೆ ಸಾವಿರಾರು ಊಟ ಮಾಡುವ ದೊಡ್ಡ ಅಡುಗೆಮನೆಯವರು, ನೀರನ್ನು ಗಿಡಕ್ಕೋ ಶೌಚಾಲಯಕ್ಕೋ ಮತ್ತೆ ಬಳಸಬೇಕೆನ್ನುವವರು ಯೋಚಿಸಬಹುದು. ಮಾರಾಟಗಾರನನ್ನು ಹೀಗೆ ಕೇಳಿ:

ಒಳಗೆ ಬರುವ ನೀರಿನಲ್ಲಿ ಎಷ್ಟು ಜಿಡ್ಡು ಇದ್ದರೆ ಯಂತ್ರ ತಡೆದೀತು?
ನೂರು ಲೀಟರಿಗೆ ಎಷ್ಟು ಕೊಳೆನೀರು ಉಳಿಯುತ್ತದೆ, ಅದನ್ನು ಎಲ್ಲಿ ಹಾಕಬೇಕು?
ಪೊರೆ ತೊಳೆಯುವವರು ಯಾರು, ಎಷ್ಟು ದಿನಕ್ಕೊಮ್ಮೆ?
ಹೊಸ ಪೊರೆಯ ಬೆಲೆ ಎಷ್ಟು?
ನಮ್ಮದೇ ನೀರಿನಲ್ಲಿ ಒಂದು ವಾರ ಓಡಿಸಿ ತೋರಿಸುತ್ತೀರಾ?

ಉತ್ತರ ಬರೆದು ಕೊಡಲು ಹಿಂಜರಿದರೆ ಚೆಕ್ ಪುಸ್ತಕ ತೆಗೆಯಬೇಡಿ.

ನನ್ನ ಯಂತ್ರ ಈಗ ಮೂಲೆಯಲ್ಲಿದೆ. ಅದರ ಬೆಲೆಯ ಒಂದು ಪಾಲಿನಲ್ಲಿ ಕಟ್ಟಿಸಿದ ತೊಟ್ಟಿ ಕೆಲಸ ಮಾಡುತ್ತಿದೆ. ಅಂದಿನಿಂದ ಚರಂಡಿ ಒಮ್ಮೆಯೂ ಕಟ್ಟಿಲ್ಲ. ತೊಟ್ಟಿ ನೋಡಬೇಕೆನ್ನುವ ಸದಸ್ಯರು ಧಾರಾಳವಾಗಿ ಬನ್ನಿ, ಮಧ್ಯಾಹ್ನ ಮೂರರ ನಂತರ ಬಂದರೆ ಮುಚ್ಚಳ ತೆಗೆದು ತೋರಿಸುತ್ತೇನೆ. ಕಾಫಿ ನನ್ನದೇ.