ಹುಲಿ ಯಾವ ಪಕ್ಷದ್ದು?

ಪುಣ್ಯಕೋಟಿಯ ಕತೆಯಲ್ಲಿ ಕೊನೆಗೆ ಸಾಯೋದು ಹಸು ಅಲ್ಲ, ಹುಲಿ. ಗೋವಿನ ಹಾಡು ಕೇಳಿ ಚಿಕ್ಕಂದಿನಲ್ಲಿ ಕಣ್ಣು ಒದ್ದೆ ಮಾಡಿಕೊಳ್ಳದ ಕನ್ನಡಿಗರು ಕಡಿಮೆ. ದೊಡ್ಡವರಾದ ಮೇಲೆ ಅದೇ ಹಾಡಿನ ಮೇಲೆ ಜಗಳ. ಒಬ್ಬರು ಇದು ಸತ್ಯದ ಪಾಠ ಅಂತಾರೆ. ಇನ್ನೊಬ್ಬರು, ಮಾಂಸ ತಿನ್ನೋರಿಗೆ ನಾಚಿಕೆ ಹುಟ್ಟಿಸೋ ಕತೆ ಅಂತಾರೆ. ಮೂರನೆಯವರ ಪ್ರಕಾರ ಹುಲಿ ಅಂದ್ರೆ ಒಡೆಯ, ಹಸು ಅಂದ್ರೆ ಬಡವ. ತಾನಾಗೇ ಬಂದು ‘ನನ್ನ ತಿನ್ನು’ ಅನ್ನೋದನ್ನ ಮಕ್ಕಳಿಗೆ ಯಾಕೆ ಕಲಿಸಬೇಕು ಅಂತ ಕೇಳ್ತಾರೆ. 2022ರಲ್ಲಿ ರಾಜ್ಯ ಸರ್ಕಾರ ಗೋಶಾಲೆಯ ಹಸುಗಳನ್ನು ದತ್ತು ಕೊಡುವ ಯೋಜನೆಗೆ ಪುಣ್ಯಕೋಟಿಯ ಹೆಸರನ್ನೇ ಇಟ್ಟಿತು. ವರ್ಷಕ್ಕೆ ಒಂದು ಹಸುವಿಗೆ 11 ಸಾವಿರ ರೂಪಾಯಿ. ಅಲ್ಲಿಗೆ ಹಾಡು ಪಠ್ಯಪುಸ್ತಕದಿಂದ ನೇರವಾಗಿ ವಿಧಾನಸೌಧದ ಕಡತಕ್ಕೆ ಬಂತು.

ಹಾಗಾದ್ರೆ ಮಕ್ಕಳ ಕತೆಯೊಳಗೆ ರಾಜಕೀಯ ಇರುತ್ತಾ? ಇದ್ದರೆ ಅದನ್ನ ಇಟ್ಟವರು ಯಾರು? ಬರೆದವರಾ, ಓದಿದವರಾ?

ಮೊದಲು ಅಮೆರಿಕಾದ ಒಂದು ಉದಾಹರಣೆ ನೋಡಿ. 1900ರಲ್ಲಿ ಎಲ್. ಫ್ರಾಂಕ್ ಬಾಮ್ ಎಂಬ ಲೇಖಕ ಓಜ್ ಎಂಬ ಮಾಯಾಲೋಕದ ಕತೆ ಬರೆದ. ಜನ ಎಷ್ಟು ಮೆಚ್ಚಿದರೆಂದರೆ ಅದು 14 ಪುಸ್ತಕಗಳ ಸರಣಿಯಾಯಿತು. ಮಕ್ಕಳ ಖುಷಿಗೆ ಮಾತ್ರ ಬರೆದಿದ್ದೇನೆ ಅಂತ ಅವನೇ ಮುನ್ನುಡಿಯಲ್ಲಿ ಹೇಳಿದ್ದ. 1964ರಲ್ಲಿ ಹೆನ್ರಿ ಲಿಟಲ್‌ಫೀಲ್ಡ್ ಎಂಬ ಶಾಲಾ ಮೇಷ್ಟ್ರು ಹೊಸ ಅರ್ಥ ಹೇಳಿದರು: ಹುಲ್ಲಿನ ಬೆದರುಬೊಂಬೆ ರೈತ, ತಗಡಿನ ಮನುಷ್ಯ ಕಾರ್ಖಾನೆ ಕೂಲಿ, ಹಳದಿ ಇಟ್ಟಿಗೆಯ ದಾರಿ ಚಿನ್ನ, ಹುಡುಗಿಯ ಪಾದರಕ್ಷೆ ಬೆಳ್ಳಿ. ನಾಣ್ಯಕ್ಕೆ ಚಿನ್ನವೊಂದೇ ಆಧಾರವಾ, ಬೆಳ್ಳಿಯೂ ಬೇಕಾ ಅಂತ ಆ ಕಾಲದಲ್ಲಿ ಅಮೆರಿಕಾದ ಚುನಾವಣೆಯೇ ನಡೆದಿತ್ತು, ಹಾಗಾಗಿ ಎಲ್ಲ ಸರಿಹೊಂದಿತು. ಎಷ್ಟೋ ಮಂದಿ ಅದನ್ನ ಬಾಮ್‌ನ ಗುಟ್ಟು ಅಂತಲೇ ನಂಬಿದರು. ಆದರೆ ಬಾಮ್‌ಗೆ ಆ ರಾಜಕೀಯ ಇತ್ತು ಅನ್ನೋದಕ್ಕೆ ಆಧಾರವಿಲ್ಲ ಅಂತ 1990ರ ದಶಕದಲ್ಲಿ ಲಿಟಲ್‌ಫೀಲ್ಡ್ ಅವರೇ ಒಪ್ಪಿಕೊಂಡರು.

ಈಗ ನಮ್ಮ ಬೆಳಗಾವಿ ಜಿಲ್ಲೆಗೆ ಬನ್ನಿ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿ, ಗೋಕಾಕದಲ್ಲಿ ಹೈಸ್ಕೂಲು ಓದಿ, ಜ್ಞಾನಪೀಠದವರೆಗೂ ಹೋದವರು ಚಂದ್ರಶೇಖರ ಕಂಬಾರರು. ಭಾದ್ರಪದದಲ್ಲಿ ಬುಟ್ಟಿಯಲ್ಲಿ ಕೂತು ಮನೆ ಬಾಗಿಲಿಗೆ ಬರುವ ಮಣ್ಣಿನ ಜೋಕುಮಾರ ಆ ಕಡೆಯ ಮಕ್ಕಳಿಗೆಲ್ಲ ಗೊತ್ತು, ಮಳೆ-ಬೆಳೆ ತರೋ ದೇವರು. ಕಂಬಾರರು ಆ ನಂಬಿಕೆಯನ್ನೇ ಹಿಡಿದು 1972ರಲ್ಲಿ ದೊಡ್ಡವರಿಗಾಗಿ ‘ಜೋಕುಮಾರಸ್ವಾಮಿ’ ನಾಟಕ ಕಟ್ಟಿದರು. ಅದರಲ್ಲಿ ಗೌಡನ ಹತ್ತಿರ ಬಂದೂಕು ಇದೆ, ಹೊಲ ಇದೆ, ಆದರೆ ಮಕ್ಕಳಿಲ್ಲ. ಹೊಲ ಉಳೋನು ಬಸಣ್ಣ. ಗೌಡ್ತಿಗೆ ಬಸಣ್ಣನಿಂದ ಬಸಿರು. ಹೊಲ ಯಾರದು, ಉತ್ತವನದಾ, ಕಾಗದದಲ್ಲಿ ಹೆಸರಿರೋನದಾ? ಎರಡು ವರ್ಷ ಬಿಟ್ಟು, 1974ರಲ್ಲಿ, ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂತು. ‘ಉಳುವವನೇ ಹೊಲದೊಡೆಯ’ ಅನ್ನೋದು ಊರೂರಿನ ಮಾತಾಯಿತು.

ಇವೆರಡರ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಇಂಜಿನಿಯರಿಂಗ್ ಓದುವಾಗ ಕಲಿತ ಒಂದು ಸರಳ ಪರೀಕ್ಷೆ ಇಲ್ಲಿ ಉಪಯೋಗಕ್ಕೆ ಬರುತ್ತೆ. ಒಂದು ಭಾಗ ಬಿಚ್ಚಿ ತೆಗೆಯಿರಿ, ಯಂತ್ರ ನಡೆಯುತ್ತಾ ನೋಡಿ. ಓಜ್ ಕತೆಯಿಂದ ಚಿನ್ನ-ಬೆಳ್ಳಿಯ ಲೆಕ್ಕ ತೆಗೆದ್ರೆ ಏನೂ ಆಗಲ್ಲ, ಮಗು ಅಷ್ಟೇ ಖುಷಿಯಿಂದ ಓದುತ್ತೆ. ‘ಜೋಕುಮಾರಸ್ವಾಮಿ’ಯಿಂದ ಹೊಲದ ಪ್ರಶ್ನೆ ತೆಗೆದ್ರೆ ಗೌಡ ಬಸಣ್ಣನನ್ನ ಯಾಕೆ ಕೊಲ್ಲಿಸಿದ ಅನ್ನೋದರ ಅರ್ಧ ಕಾರಣವೇ ಮಾಯ. ಮೊದಲನೆಯದು ಓದಿದವರು ಇಟ್ಟ ಅರ್ಥ, ಎರಡನೆಯದು ಬರೆದವರು ಇಟ್ಟದ್ದು.

ಗೋವಿನ ಹಾಡಿಗೆ ಈ ಪರೀಕ್ಷೆ ಹಾಕಿ. ಪಕ್ಷ, ಕಾಯ್ದೆ, ಜಾತಿ ಎಲ್ಲ ತೆಗೆದರೂ ಕತೆ ನಿಲ್ಲುತ್ತೆ. ಕರುವಿಗೆ ಹಾಲೂಡಿಸಿ ಬರ್ತೀನಿ ಅಂದ ಮಾತು, ಆ ಮಾತನ್ನ ನಂಬಿ ಬಿಟ್ಟ ಹುಲಿ, ಇವೆರಡು ಸಾಕು. ಹಾಗಂತ ಓದಿದವರು ಇಡೋ ಅರ್ಥ ಸುಳ್ಳು ಅಂತಲ್ಲ. ದನದ ಸಂತೆಗೆ ಹೆಸರಾದ ಮೂಡಲಗಿಯಲ್ಲಿ ನಿಂತ ರೈತನಿಗೆ, ಹಾಲು ಬತ್ತಿದ ಹಸುವಿನ ಹಗ್ಗ ಹಿಡಿದಾಗ ಪುಣ್ಯಕೋಟಿ ಬೇರೆಯಾಗೇ ನೆನಪಾಗುತ್ತಾಳೆ. 2020ರ ಗೋಹತ್ಯೆ ನಿಷೇಧ ಕಾಯ್ದೆಯಲ್ಲಿ 13 ವರ್ಷ ದಾಟಿದ ಎಮ್ಮೆ-ಕೋಣಕ್ಕೆ ಮಾತ್ರ ವಿನಾಯಿತಿ. ಮುದಿ ಹಸುವನ್ನ ಸಾಕೋ ಖರ್ಚು ಯಾರದು ಅನ್ನೋದು ಅವನ ಪ್ರಶ್ನೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಮೊಮ್ಮಗಳಿಗೆ ಹಾಡು ಕಲಿಸೋ ಅಜ್ಜಿಗೆ ಆ ಪ್ರಶ್ನೆಯೇ ಹುಟ್ಟಲ್ಲ. ಇಬ್ಬರ ಪುಣ್ಯಕೋಟಿಯೂ ನಿಜ.

ತೊಂದರೆ ಶುರುವಾಗೋದು ‘ನನಗೆ ಹೀಗೆ ಕಾಣುತ್ತೆ’ ಅನ್ನೋ ಮಾತು ‘ಅವನು ಬೇಕಂತಲೇ ಬಚ್ಚಿಟ್ಟಿದ್ದಾನೆ’ ಅಂತ ಆದಾಗ. ಮೊದಲನೆಯದು ಓದು, ಎರಡನೆಯದು ಆರೋಪ. ಆರೋಪಕ್ಕೆ ಸಾಕ್ಷಿ ಬೇಕು. ಬೇಂದ್ರೆಯವರ ‘ನರಬಲಿ’ ಕವನದಲ್ಲಿ ಬ್ರಿಟಿಷ್ ಸರ್ಕಾರಕ್ಕೆ ರಾಜದ್ರೋಹ ಕಂಡಿತು. ಕವಿಯನ್ನ ಬೆಳಗಾವಿಯ ಹಿಂಡಲಗಾ ಜೈಲಿಗೆ ಹಾಕಿದರು, ಆಮೇಲೆ ಧಾರವಾಡದ ಹತ್ತಿರ ಮುಗದದಲ್ಲಿ ಕಣ್ಗಾವಲಿನಲ್ಲಿಟ್ಟರು. ಕವನಕ್ಕೆ ಅರ್ಥ ಹೇಳೋ ಕೆಲಸ ಅಧಿಕಾರದ ಕೈಗೆ ಹೋದರೆ ಚರ್ಚೆ ಅಲ್ಲಿಗೇ ಮುಗಿಯುತ್ತೆ, ಆಮೇಲೆ ಉಳಿಯೋದು ತೀರ್ಪು ಮಾತ್ರ.

ಆದ್ದರಿಂದ ಇನ್ನು ಮುಂದೆ ಯಾರಾದರೂ ಮಕ್ಕಳ ಪಾಠದಲ್ಲಿ ಸಂಚು ಇದೆ ಅಂತ ಟಿವಿಯಲ್ಲಿ ಕೂಗಿದರೆ, ಅದು ನಮ್ಮ ಚಾನೆಲ್ಲೇ ಆಗಿರಲಿ, ಮೂರು ಪ್ರಶ್ನೆ ಕೇಳಿ. ಆ ಅರ್ಥ ತೆಗೆದರೆ ಕತೆ ಬೀಳುತ್ತಾ? ಬರೆದವರ ಕಾಲ ಮತ್ತು ಬರೆದವರ ಮಾತು ಏನು ಹೇಳುತ್ತೆ? ಈ ಅರ್ಥದಿಂದ ಇವತ್ತು ಲಾಭ ಯಾರಿಗೆ? ಉತ್ತರ ಸಿಗೋವರೆಗೂ ಪುಸ್ತಕ ಮಕ್ಕಳ ಕೈಯಲ್ಲೇ ಇರಲಿ.