ಗಾಜಿನ ಗೋಡೆಯ ಮನೆ

ಮನೆಯ ಚಿತ್ರ ಬರೆಯಿರೆಂದರೆ ನಮ್ಮ ವಿದ್ಯಾರ್ಥಿಗಳು ನಾಲ್ಕು ಗೋಡೆಗಳನ್ನೆಬ್ಬಿಸಿ ಅವುಗಳ ಮೇಲೊಂದು ಇಳಿಜಾರು ಮಾಡನ್ನು ಇರಿಸುತ್ತಾರೆ. ತಾವು ವಾಸಿಸುವುದು ಚಾಳಿನ ಒಂದೇ ಖೋಲಿಯಲ್ಲಾದರೂ ಸರಿಯೇ. ಆದರೆ ಮಾಡನ್ನು ಗೋಡೆಯೇ ಹೊರಬೇಕೆಂಬ ನಿಯಮವಿಲ್ಲ. ಅದನ್ನು ತೋರಿಸಿಕೊಟ್ಟ ಪ್ರಸಿದ್ಧ ಮನೆಯೊಂದು ಯುರೋಪಿನ ಚೆಕ್ ದೇಶದ ಬರ್ನೋ ನಗರದಲ್ಲಿದೆ. ಅದರ ಹೆಸರು ಟೂಗೆಂಡ್‌ಹಾಟ್ ಭವನ.

ಬಟ್ಟೆಯ ಉದ್ಯಮಿಯಾದ ಫ್ರಿಟ್ಸ್ ಟೂಗೆಂಡ್‌ಹಾಟ್ ಮತ್ತು ಅವರ ಪತ್ನಿ ಗ್ರೇಟೆ ಎಂಬ ಯೆಹೂದಿ ದಂಪತಿಗಳಿಗಾಗಿ ಜರ್ಮನಿಯ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹೆ ಇದನ್ನು ರಚಿಸಿದರು. 1929ರಲ್ಲಿ ಮೊದಲಾದ ಕೆಲಸ 1930ರ ಕೊನೆಗೆ ಮುಗಿಯಿತು. ನಮ್ಮ ನಗರದಲ್ಲಿ ಏಳುತ್ತಿರುವ ಕಟ್ಟಡಗಳನ್ನು ನೋಡಿರಿ: ಮೊದಲು ಕಂಬಗಳು ನಿಲ್ಲುತ್ತವೆ, ಗೋಡೆಗಳು ಬಳಿಕ ಬರುತ್ತವೆ. ಇಲ್ಲಿಯೂ ಹಾಗೆಯೇ. ಭಾರವನ್ನೆಲ್ಲ ತೆಳುವಾದ ಉಕ್ಕಿನ ಕಂಬಗಳು ಹೊತ್ತುದರಿಂದ ತೋಟದ ಕಡೆಯ ಗೋಡೆಯನ್ನು ಗಾಜಿನಿಂದಲೇ ಮಾಡುವುದು ಸಾಧ್ಯವಾಯಿತು. ಅದರಲ್ಲಿ ಎರಡು ದೊಡ್ಡ ಗಾಜುಗಳು ವಿದ್ಯುತ್ತಿನ ಬಲದಿಂದ ನೆಲದೊಳಕ್ಕೆ ಇಳಿಯುತ್ತವೆ. ಆಗ ನಡುಮನೆಯೇ ತೋಟದ ಜಗಲಿಯಾಗುತ್ತದೆ. ಒಳಗಿನ ಓನಿಕ್ಸ್ ಶಿಲೆಯ ಅಡ್ಡಗೋಡೆಯು ಚಳಿಗಾಲದ ಬಾಗಿದ ಬಿಸಿಲಿಗೆ ಕೆಂಪಾಗಿ ಬೆಳಗುತ್ತದೆ. ಊಟದ ಮೇಜನ್ನು ಬಳಸಿ ಎಬೊನಿ ಮರದ ಅರ್ಧವೃತ್ತಾಕಾರದ ಗೋಡೆಯಿದೆ.

ಇಂಥ ಮನೆಯಲ್ಲಿ ವಾಸಿಸಲಾದೀತೇ? 1931ರಲ್ಲಿ ಜರ್ಮನ್ ಪತ್ರಿಕೆಯೊಂದು ಈ ಪ್ರಶ್ನೆಯನ್ನೆತ್ತಿತು. ದಂಪತಿಗಳು ಅದೇ ಪತ್ರಿಕೆಗೆ ಉತ್ತರ ಬರೆದರು. ಆ ವಿಶಾಲತೆಯು ತಮ್ಮನ್ನು ಕುಗ್ಗಿಸಲಿಲ್ಲ, ಮನಸ್ಸಿಗೆ ಬಿಡುಗಡೆಯನ್ನೇ ನೀಡಿತೆಂದು ಗ್ರೇಟೆ ಹೇಳಿದರು. ಮುಂದೆ ತತ್ತ್ವಶಾಸ್ತ್ರಜ್ಞರಾಗಿ ಹೆಸರಾದ ಅವರ ಮಗ ಎರ್ನ್ಸ್ಟ್ ಎಳವೆಯಲ್ಲಿ ಆಡಿದುದು ಇಲ್ಲಿಯೇ.

ಆದರೆ ಈ ಸುಖವಾಸವು ಎಂಟು ವರ್ಷ ಮಾತ್ರ ನಡೆಯಿತು. ನಾಜಿಗಳ ಭಯದಿಂದ 1938ರಲ್ಲಿ ಕುಟುಂಬವು ದೇಶವನ್ನು ಬಿಟ್ಟು ಸ್ವಿಟ್ಜರ್ಲೆಂಡಿಗೂ ಅಲ್ಲಿಂದ ವೆನೆಜುವೆಲಾಕ್ಕೂ ಹೋಯಿತು. 1939ರಲ್ಲಿ ಗೆಸ್ಟಾಪೊ ಎಂಬ ನಾಜಿ ಪೊಲೀಸರು ಮನೆಯನ್ನು ವಶಪಡಿಸಿಕೊಂಡರು. ಎಬೊನಿ ಗೋಡೆ ಕಾಣೆಯಾಯಿತು. ಯುದ್ಧದಲ್ಲಿ ಗಾಜುಗಳು ಒಡೆದುವು. ಯುದ್ಧಾನಂತರ ಅದು ನೃತ್ಯಶಾಲೆಯಾಯಿತು. ಬಳಿಕ ಬೆನ್ನುಮೂಳೆಯ ದೋಷವುಳ್ಳ ಮಕ್ಕಳ ವ್ಯಾಯಾಮ ಚಿಕಿತ್ಸೆಗೆ ಆ ನಡುಮನೆಯೇ ಎಡೆಯಾಯಿತು. 1969ರಲ್ಲಿ ಗ್ರೇಟೆ ಬರ್ನೋಗೆ ಬಂದು ತಮ್ಮ ಮನೆಯ ಕಥೆಯನ್ನು ಅಲ್ಲಿಯ ಜನರಿಗೆ ತಾವೇ ಹೇಳಿದರು.

2001ರಲ್ಲಿ ಯುನೆಸ್ಕೊ ಈ ಮನೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2010ರಿಂದ 2012ರವರೆಗೆ ಜೀರ್ಣೋದ್ಧಾರ ನಡೆಯಿತು. ಆ ನಡುವೆ, 2011ರಲ್ಲಿ, ಕಳೆದುಹೋದ ಎಬೊನಿ ಹಲಗೆಗಳು ಅದೇ ನಗರದ ವಿಶ್ವವಿದ್ಯಾನಿಲಯದ ಉಪಾಹಾರ ಗೃಹವೊಂದರ ಗೋಡೆಯಲ್ಲಿ ದೊರೆತುವು. ಯುದ್ಧಕಾಲದಲ್ಲಿ ಆ ಕಟ್ಟಡವೇ ಗೆಸ್ಟಾಪೊ ಕಚೇರಿಯಾಗಿತ್ತು! ಹಲಗೆಗಳು ಮನೆಗೆ ಮರಳಿದುವು. ಇಂದು ಆ ಮನೆಯನ್ನು ಯಾರೂ ನೋಡಬಹುದು.

ಗಾಜು, ಮರ, ಗಾರೆಗಳನ್ನು ಕುಶಲ ಕೈಗಳು ಮೊದಲಿನಂತೆ ಮಾಡಬಲ್ಲವು. ಆ ಕುಟುಂಬವು ಅಲ್ಲಿ ಬಾಳಬೇಕಾಗಿದ್ದ ವರ್ಷಗಳನ್ನು ಯಾವ ಜೀರ್ಣೋದ್ಧಾರವೂ ಮರಳಿ ತರಲಾರದು. 1931ರ ಪ್ರಶ್ನೆಗೆ ನಾವು ಹೇಳಬಹುದಾದ ಉತ್ತರವಿಷ್ಟೇ: ಆ ಮನೆ ವಾಸಕ್ಕೆ ಯೋಗ್ಯವಾಗಿಯೇ ಇತ್ತು, ನೆರೆಯವನನ್ನು ಬಾಳಗೊಡದ ಕಾಲವೊಂದು ಅದರ ಬಾಗಿಲಿಗೆ ಬಂದಿತು.