ಶವಪರೀಕ್ಷೆ: ಬದುಕಿರುವವರಿಗೊಂದು ಎಚ್ಚರಿಕೆ

ಬೆಳಿಗ್ಗೆ ಚಹಾ ಕುಡಿದು ಕಬ್ಬಿನ ಹೊಲಕ್ಕೆ ಹೋದ ಮನೆಯ ಯಜಮಾನ ಅಲ್ಲೇ ಕುಸಿದು ತೀರಿಕೊಂಡರೆಂದು ಭಾವಿಸಿ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಯಾವ ಹಳ್ಳಿಯಲ್ಲೂ ಇದು ನಡೆಯಬಹುದು. ನೋಡಿದವರಿಲ್ಲ, ಬಿದ್ದ ರಭಸಕ್ಕೆ ಹಣೆಯಲ್ಲೊಂದು ಗಾಯ. ಪೊಲೀಸರು ‘ಅಸಹಜ ಸಾವು’ ಎಂದು ಬರೆದುಕೊಂಡು ಶವವನ್ನು ಸರ್ಕಾರಿ ಆಸ್ಪತ್ರೆಗೆ ಸಾಗಿಸುತ್ತಾರೆ. ಮನೆಯಲ್ಲಿ ದಫನಕ್ಕೆ ಅವಸರ. “ಹೋದ ಜೀವ ಹೋಯಿತು, ಇನ್ನು ದೇಹವನ್ನು ಯಾಕೆ ಕೊಯ್ಯಬೇಕು?” ಎಂದು ಹೆಂಗಸರು ಗೋಳಿಡುತ್ತಾರೆ.

ಸಹೋದರಿಯರೇ, ಆ ನೋವು ಸಹಜ. ಆದರೆ ‘ಅಸಹಜ’ ಎಂದು ದಾಖಲಾದ ಮಾತ್ರಕ್ಕೆ ಕೊಲೆಯೋ ಆತ್ಮಹತ್ಯೆಯೋ ಆಗಿದೆ ಎಂದರ್ಥವಲ್ಲ, ಮನೆತನಕ್ಕೆ ಕಳಂಕವೂ ಅಲ್ಲ. ಸಾವಿನ ಕಾರಣದಲ್ಲಿ ಸಂದೇಹವಿದ್ದರೆ ದೇಹವನ್ನು ವೈದ್ಯರ ಪರೀಕ್ಷೆಗೆ ಕಳುಹಿಸಬೇಕೆಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಹೇಳುತ್ತದೆ. ತಡವಾಗುವ ಚಿಂತೆಯೇ? ಸಂಶಯವಿಲ್ಲದ ಪ್ರಕರಣಗಳಲ್ಲಿ, ಆಸ್ಪತ್ರೆಯಲ್ಲಿ ಸೌಲಭ್ಯವಿದ್ದರೆ, ಸೂರ್ಯಾಸ್ತದ ನಂತರವೂ ಶವಪರೀಕ್ಷೆ ನಡೆಸಲು 2021ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅವಕಾಶ ನೀಡಿದೆ.

ಹೀಗೆ ಪರೀಕ್ಷೆಗೆ ಹೋದ ಎಷ್ಟೋ ದೇಹಗಳಲ್ಲಿ ವೈದ್ಯರಿಗೆ ಕಾಣುವುದು ಕಾಯಿಲೆಯೇ. ಅದರಲ್ಲೂ ಹೃದಯದ ರಕ್ತನಾಳ ಕಟ್ಟಿಕೊಂಡಿರುವುದೇ ಹೆಚ್ಚು. ಮೆದುಳಿನ ರಕ್ತಸ್ರಾವ, ಕ್ಷಯ, ನ್ಯುಮೋನಿಯಾ ಕೂಡ ಸಿಗುತ್ತವೆ. ವಯಸ್ಕರ ಹೃದಯ ಸುಮಾರು 300 ಗ್ರಾಂ ತೂಗುತ್ತದೆ. ವರ್ಷಗಟ್ಟಲೆ ಔಷಧಿಯಿಲ್ಲದೆ ಬಿಟ್ಟ ರಕ್ತದೊತ್ತಡ ಅದನ್ನು ದಪ್ಪಗಾಗಿಸಿ ತೂಕ ಹೆಚ್ಚಿಸಿರುತ್ತದೆ. ಹೃದಯಾಘಾತವಾದ ಕೆಲವೇ ಗಂಟೆಗಳಲ್ಲಿ ಸಾವು ಬಂದರೆ ಬರಿಗಣ್ಣಿಗೆ ಗುರುತು ಸಿಗದಿರಬಹುದು. ಆಗ ಮಾಂಸದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಅಂತಿಮ ವರದಿ ತಡವಾಗಲು ಇದೂ ಒಂದು ಕಾರಣ.

ಪರೀಕ್ಷೆಯೇ ಆಗದಿದ್ದರೆ ಏನಾಗುತ್ತದೆ? 2025ರಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳು ನಾಡನ್ನೇ ಬೆಚ್ಚಿಬೀಳಿಸಿದವು. ಸರ್ಕಾರದ ತಜ್ಞರ ಸಮಿತಿ 24 ಸಾವುಗಳನ್ನು ಪರಿಶೀಲಿಸಿದಾಗ 4 ಹೃದಯಕ್ಕೆ ಸಂಬಂಧಿಸಿದವೇ ಆಗಿರಲಿಲ್ಲ. ಇನ್ನು ಹಲವನ್ನು ‘ಹೃದಯದ ತೊಂದರೆ ಇರಬಹುದು’ ಎಂದಷ್ಟೇ ಹೇಳಲಾಯಿತು. ಆ ವರ್ಷದ ಜುಲೈನಲ್ಲೇ ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳಿಗೆ ಶವಪರೀಕ್ಷೆ ಕಡ್ಡಾಯಗೊಳಿಸುವುದಾಗಿ ರಾಜ್ಯ ಸರ್ಕಾರ ಪ್ರಕಟಿಸಿತು.

ಆದ್ದರಿಂದ ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ, ವೈದ್ಯರಿಗೆ ತೋರಿಸಿ ಕಾರಣ ತಿಳಿದುಕೊಳ್ಳಿ. ವಿಮೆಗೂ ಅದು ಮುಖ್ಯ. ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ವಿಮೆ ಅಪಘಾತಕ್ಕೆ ಮಾತ್ರ. 436 ರೂಪಾಯಿಯ ಜೀವನ್ ಜ್ಯೋತಿ ವಿಮೆಯಾದರೆ ಹೃದಯಾಘಾತದ ಸಾವಿಗೂ 2 ಲಕ್ಷ ರೂಪಾಯಿ ಕೊಡುತ್ತದೆ.

ತಂದೆಯ ಹೃದಯದ ರಕ್ತನಾಳ ಕಟ್ಟಿತ್ತೆಂದು ವರದಿ ಹೇಳಿದರೆ ಅದು ಮಕ್ಕಳಿಗೆ, ಅವರ ತಮ್ಮಂದಿರಿಗೆ, ತಂಗಿಯರಿಗೆ ಬಂದ ಎಚ್ಚರಿಕೆ. ಎಲ್ಲರೂ ರಕ್ತದೊತ್ತಡ, ಸಕ್ಕರೆ, ಕೊಬ್ಬಿನಂಶ ಪರೀಕ್ಷಿಸಿಕೊಳ್ಳಲಿ. ನಿಮ್ಮನ್ನೂ ಮರೆಯಬೇಡಿ. ಹೆಂಗಸರಲ್ಲಿ ಹೃದಯಾಘಾತ ಎದೆನೋವಿಲ್ಲದೆ, ಉಸಿರುಕಟ್ಟುವಿಕೆ, ವಾಕರಿಕೆ, ಬೆನ್ನು ಅಥವಾ ದವಡೆಯ ನೋವು, ವಿಪರೀತ ಸುಸ್ತಿನ ರೂಪದಲ್ಲೂ ಬರುತ್ತದೆ. ಅದನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕಿ ಅಡುಗೆಮನೆಯಲ್ಲೇ ನಿಲ್ಲಬೇಡಿ. ರಾಜ್ಯದ ಅನೇಕ ತಾಲೂಕು ಆಸ್ಪತ್ರೆಗಳಲ್ಲಿ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಡಿ ಇಸಿಜಿ ಮತ್ತು ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಚುಚ್ಚುಮದ್ದು ಉಚಿತ. ನಿಮ್ಮ ತಾಲೂಕಿನಲ್ಲಿ ಅದು ಎಲ್ಲಿ ಸಿಗುತ್ತದೆಂದು ಇಂದೇ ವಿಚಾರಿಸಿಟ್ಟುಕೊಳ್ಳಿ.

ಹೋದವರನ್ನು ಮರಳಿ ತರಲಾಗದು. ಅವರು ಹೋದ ಕಾರಣ ತಿಳಿದರೆ ಅದೇ ಮನೆಯ ಇನ್ನೊಂದು ಜೀವ ಉಳಿಯಬಹುದು.